ಬಸ್ಸು ಮೊದಲಾ, ರೈಲು ಮೊದಲಾ?



ಕಳೆದ ತಿಂಗಳು ಸಮಾಜ ಪಾಠದ ತರಗತಿಯಲ್ಲಿ ಮಾಷ್ಟ್ರು ಒಂದು ಪ್ರಶ್ನೆ ಕೇಳಿದರು. "ನಮ್ಮ ಕಡೆಗೆ ಮೊದಲು ಬಂದದ್ದು ಬಸ್ಸಾ, ರೈಲಾ?" ಇಡೀ ತರಗತಿ ಒಟ್ಟಿಗೆ "ರೈಲು ಸಾರ್" ಅಂತ ಕೂಗಿತು. ಬ್ರಿಟಿಷರ ಕಾಲದಲ್ಲೇ ರೈಲು ಬಂತು ಅಂತ ಪುಸ್ತಕದಲ್ಲಿ ಉಂಟಲ್ಲ! ಮಾಷ್ಟ್ರು ನಕ್ಕರು. "ಮಂಗಳೂರಿಗಾದರೆ ಸರಿ, ಪುತ್ತೂರಿಗಾದರೆ ತಪ್ಪು. ಯಾಕೆ ಅಂತ ಹುಡುಕಿ ಭಿತ್ತಿಪತ್ರಿಕೆಗೆ ಬರಿ" ಅಂತ ನನ್ನನ್ನೇ ನೋಡಿ ಹೇಳಿದರು. ಮುಂದಿನ ಬೆಂಚಿನಲ್ಲಿ ಕೂತದ್ದೇ ತಪ್ಪಾಯ್ತು ನೋಡಿ.

ಆದರೆ ಹುಡುಕಲಿಕ್ಕೆ ಹೊರಟ ಮೇಲೆ ನನಗೇ ಆಸೆ ಹತ್ತಿತು. ಯಾಕೆಂದರೆ ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಜನ ಬೆಳಿಗ್ಗೆ 8.10ರ ಬಸ್ಸಿನಲ್ಲಿ ಬರುವವರು. ಆ ಬಸ್ಸು ಬಾರದ ದಿವಸ ಹಾಜರಿ ಪುಸ್ತಕದ ಅರ್ಧ ಪುಟ ಕೆಂಪು. ದಿನಾ ಹತ್ತುವ ಬಸ್ಸಿನ ಹಿಂದೆ ಎಷ್ಟು ದೊಡ್ಡ ಕತೆ ಉಂಟು ಅಂತ ನಾವು ಯಾರೂ ಯೋಚನೆ ಮಾಡಿದ್ದಿಲ್ಲ. ನಾನು ಮೂವರನ್ನು ಕೇಳಿದೆ. ಸುಳ್ಯ ಕಡೆಯ ನನ್ನ ಅಜ್ಜನ ಮನೆಯ ಅಜ್ಜ, ನಮ್ಮ ನೆರೆಮನೆಯ ನಿವೃತ್ತ ಕಂಡಕ್ಟರ್ ಮಾವ, ಮತ್ತೆ ನನ್ನ ಅತ್ತೆ. ಉಳಿದದ್ದನ್ನು ಪುಸ್ತಕಗಳಿಂದ ಮತ್ತು ಮಾಷ್ಟ್ರ ಹತ್ತಿರ ಕೇಳಿ ಬರೆದಿದ್ದೇನೆ.

ಕಾಲು, ದೋಣಿ, ಎತ್ತಿನ ಗಾಡಿ

ಬಸ್ಸೂ ಇಲ್ಲ ರೈಲೂ ಇಲ್ಲ ಎನ್ನುವ ಕಾಲದಲ್ಲಿ ನಮ್ಮ ಊರುಗಳಿಗೆ ದೊಡ್ಡ ರಸ್ತೆ ಅಂದರೆ ಹೊಳೆ. ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿ ಮೇಲೆ ಬಂದು ಬಂಟ್ವಾಳ, ಪಾಣೆಮಂಗಳೂರು ಮುಟ್ಟುತ್ತಿತ್ತು. ಹಾಗಾಗಿಯೇ ಬಂಟ್ವಾಳದಲ್ಲಿ ಅಷ್ಟು ಹಳೆಯ ಪೇಟೆ ಬೆಳೆದದ್ದು. ಕೆಳಗಿನಿಂದ ಉಪ್ಪು, ಒಣಮೀನು, ಬಟ್ಟೆ. ಮೇಲಿನಿಂದ ಅಕ್ಕಿ, ಅಡಿಕೆ, ಕರಿಮೆಣಸು. ನೇತ್ರಾವತಿಗೆ ಕುಮಾರಧಾರಾ ಬಂದು ಸೇರುವ ಜಾಗ ಉಪ್ಪಿನಂಗಡಿ. ಹೆಸರಿನಲ್ಲೇ ಉಪ್ಪು ಉಂಟು, ಅಂಗಡಿಯೂ ಉಂಟು!

ಹೊಳೆ ಬಿಟ್ಟರೆ ಕಾಲುದಾರಿ. 1837ರಲ್ಲಿ ನಮ್ಮ ಸುಳ್ಯ, ಬೆಳ್ಳಾರೆ ಕಡೆಯ ರೈತರು ಕಂಪನಿ ಸರಕಾರದ ವಿರುದ್ಧ ಎದ್ದು ಮಂಗಳೂರಿಗೆ ಹೋಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ ಕತೆ ನಮಗೆಲ್ಲ ಗೊತ್ತುಂಟು. ಅಮರಸುಳ್ಯದ ದಂಗೆ, ಕಲ್ಯಾಣಪ್ಪನ ಕಾಟಕಾಯಿ ಅಂತ ಹೇಳುವುದು ಅದನ್ನೇ. ಅವರು ಹೋದದ್ದು ಹೇಗೆ? ಪುತ್ತೂರು, ಪಾಣೆಮಂಗಳೂರು ದಾಟಿ ನಡೆದೇ! ಇವತ್ತು ನಾವು ಸುಳ್ಯದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಪುತ್ತೂರಿನಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ "ಎಂತ ಸಾವು ಮಾರಾಯ್ತಿ" ಅಂತ ಹೇಳುತ್ತೇವೆ.

ಘಟ್ಟದ ಮೇಲಿನವರು ಬಿಸಿಲೆ ದಾರಿಯಲ್ಲಿ ಎತ್ತು, ಹೋರಿ ಹೊಡೆದುಕೊಂಡು ಸುಬ್ರಹ್ಮಣ್ಯದ ಹತ್ತಿರ ಕುಲ್ಕುಂದದ ಜಾನುವಾರು ಜಾತ್ರೆಗೆ ಇಳಿಯುತ್ತಿದ್ದರು. ನಮ್ಮ ಅಜ್ಜನ ಅಪ್ಪ ಅಲ್ಲಿಂದ ಒಂದು ಜೋಡಿ ಎತ್ತು ತಂದದ್ದು ಈಗಲೂ ಮನೆಯಲ್ಲಿ ಮಾತಿಗೆ ಬರುತ್ತದೆ. ಎತ್ತಿನ ಬೆಲೆ ಯಾರಿಗೂ ನೆನಪಿಲ್ಲ. ತರುವಾಗ ಎರಡು ಕಡೆ ಹೊಳೆ ದಾಟಿಸಿದ್ದು ಮಾತ್ರ ಎಲ್ಲರಿಗೂ ನೆನಪುಂಟು.

ಮಂಗಳೂರಿಗೆ ರೈಲು, ಪುತ್ತೂರಿಗೆ ಬಸ್ಸು

1907ರಲ್ಲಿ ಮಂಗಳೂರಿಗೆ ರೈಲು ಬಂತು. ಆದರೆ ಅದು ಬಂದದ್ದು ದಕ್ಷಿಣದಿಂದ, ಅಂದರೆ ಶೊರನೂರು, ಕಲ್ಲಿಕೋಟೆ, ಕಾಸರಗೋಡಿನ ಕಡೆಯಿಂದ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿತ್ತು, ಕಾಸರಗೋಡು ನಮ್ಮ ಜಿಲ್ಲೆಯಲ್ಲಿತ್ತು. ಸರಕಾರಕ್ಕೆ ಬೇಕಾದದ್ದು ಮದ್ರಾಸಿಗೆ ಹೋಗುವ ದಾರಿ. ಘಟ್ಟದ ಮೇಲೆ ಮೈಸೂರು ಮಹಾರಾಜರ ರಾಜ್ಯ. ಹಾಗಾಗಿ ರೈಲು ಸಮುದ್ರದ ಬದಿ ಹಿಡಿದು ಬಂದು ಮಂಗಳೂರಿನಲ್ಲಿ ನಿಂತಿತು. ಪೂರ್ವಕ್ಕೆ ತಿರುಗಿ ಪುತ್ತೂರಿನ ಮುಖ ನೋಡಲಿಕ್ಕೆ ಅದಕ್ಕೆ ಮತ್ತೆ 70 ವರ್ಷ ಬೇಕಾಯ್ತು. ಅಷ್ಟು ಕಾಲ ಮಂಗಳೂರಿನವರು ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ಶೊರನೂರು, ಪಾಲಕ್ಕಾಡು, ಜೋಲಾರಪೇಟೆ ಅಂತ ಮೂರು ರಾಜ್ಯ ಸುತ್ತಿದ ಹಾಗೆ ಸುತ್ತಬೇಕಿತ್ತು. ಮೂಗು ಮುಟ್ಟಲಿಕ್ಕೆ ತಲೆಯ ಹಿಂದಿನಿಂದ ಕೈ ತಂದ ಹಾಗೆ!

ಈ ಖಾಲಿ ಜಾಗವನ್ನು ತುಂಬಿದ್ದು ಮೋಟಾರು ಬಸ್ಸು. ನಮ್ಮ ಜಿಲ್ಲೆಯಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ, ಎಲ್ಲರ ಬಾಯಿಯಲ್ಲಿ ಸಿ.ಪಿ.ಸಿ., 1914ರಲ್ಲಿ ಶುರುವಾಯಿತು. ಮತ್ತೆ ಒಂದೊಂದೇ ಖಾಸಗಿ ಕಂಪೆನಿಗಳು ಬಂದವು. ಮಂಗಳೂರು, ಪಾಣೆಮಂಗಳೂರು, ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ ಎನ್ನುವ ಘಟ್ಟದ ದಾರಿ ಬಸ್ಸಿನ ದಾರಿಯಾಯಿತು. ಇವತ್ತಿನ ರಾಷ್ಟ್ರೀಯ ಹೆದ್ದಾರಿ 275 ಹೆಚ್ಚು ಕಡಿಮೆ ಅದೇ ದಾರಿ. ಹಾಗಾಗಿ ಮಾಷ್ಟ್ರ ಪ್ರಶ್ನೆಗೆ ಉತ್ತರ: ಪುತ್ತೂರಿನಲ್ಲಿ ಬಸ್ಸು ಅಜ್ಜ, ರೈಲು ಮೊಮ್ಮಗ.

ಆಗಿನ ಬಸ್ಸು ಈಗಿನ ಹಾಗೆ ಕೀ ತಿರುಗಿಸಿದರೆ ಹೊರಡುವಂಥದ್ದಲ್ಲ. ಎದುರಿನಲ್ಲಿ ಒಂದು ಹ್ಯಾಂಡಲ್ ಹಾಕಿ ಕ್ಲೀನರ್ ತಿರುಗಿಸಬೇಕು. ಸರಿಯಾಗಿ ಹಿಡಿಯದಿದ್ದರೆ ಹ್ಯಾಂಡಲ್ ಹಿಂದಕ್ಕೆ ಹೊಡೆದು ಕೈ ಮುರಿಯುವುದೂ ಉಂಟಂತೆ. ಹಾರ್ನು ಅಂದರೆ ರಬ್ಬರಿನ ಉಂಡೆ, ಒತ್ತಿದರೆ "ಪೋಂ ಪೋಂ". ಟಾಪಿನಲ್ಲಿ ಅಡಿಕೆ ಗೋಣಿ, ಬಾಳೆಗೊನೆ, ಕೋಳಿ ಬುಟ್ಟಿ. ಒಳಗೆ ಜನ.

ಇದ್ದಲು ತಿನ್ನುವ ಬಸ್ಸು

ಈ ಭಾಗವನ್ನು ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನಗೆ ಭಾರೀ ಇಷ್ಟವಾದದ್ದು ಇದು. ಎರಡನೇ ಮಹಾಯುದ್ಧದ ಕಾಲದಲ್ಲಿ, ಅಂದರೆ 1939ರಿಂದ 1945ರವರೆಗೆ, ಪೆಟ್ರೋಲಿಗೆ ದೇಶದಲ್ಲೆಲ್ಲ ರೇಷನ್ ಬಂತು. ಪೆಟ್ರೋಲೆಲ್ಲ ಸೈನ್ಯಕ್ಕೆ. ಬಸ್ಸಿನವರು ಎಂತ ಮಾಡುವುದು? ಇದ್ದಲಿನಲ್ಲಿ ಬಸ್ಸು ಓಡಿಸಿದರು!

ಅಜ್ಜ ಇದನ್ನು ಹೇಳುವಾಗ ನಾನು ನಂಬಲಿಲ್ಲ. "ಅಜ್ಜ, ನೀವು ತಮಾಷೆ ಮಾಡ್ತೀರಿ. ಬಸ್ಸೆಂತ ಇಸ್ತ್ರಿ ಪೆಟ್ಟಿಗೆಯಾ?" ಅಂತ ಕೇಳಿದೆ. ಅಜ್ಜ ಹೇಳಿದರು, "ನಾನು ಆಗ ತೊಟ್ಟಿಲ ಮಗು. ನೋಡಿದ್ದು ನನ್ನ ಅಪ್ಪ. ಬಸ್ಸಿನ ಹಿಂದೆ ನಮ್ಮ ಬಚ್ಚಲಿನ ಹಂಡೆಯ ಹಾಗೆ ಒಂದು ಉದ್ದ ಡ್ರಮ್ಮು. ಬೆಳಿಗ್ಗೆ ಕ್ಲೀನರ್ ಅದಕ್ಕೆ ಇದ್ದಲು ತುಂಬಿ, ಬೆಂಕಿ ಕೊಟ್ಟು, ಗಾಳಿ ಚಕ್ರ ತಿರುಗಿಸ್ಲಿಕ್ಕೆ ಶುರು ಮಾಡಿದರೆ ಬಸ್ಸು ಹೊರಡುವಾಗ ಅವನ ಮುಖ ಕಪ್ಪು ಕಪ್ಪು."

ವಿಜ್ಞಾನ ಟೀಚರ್ ಹತ್ತಿರ ಕೇಳಿದಾಗ ಅವರು ಬೋರ್ಡಿನಲ್ಲಿ ಚಿತ್ರ ಬರೆದು ವಿವರಿಸಿದರು. ಇದ್ದಲು ಚೆನ್ನಾಗಿ ಗಾಳಿ ಸಿಕ್ಕಿ ಉರಿದರೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದು ಮತ್ತೆ ಉರಿಯುವುದಿಲ್ಲ. ಆದರೆ ಡ್ರಮ್ಮಿನಲ್ಲಿ ಇದ್ದಲು ದಪ್ಪಕ್ಕೆ ತುಂಬಿಸಿ, ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ ಇಂಗಾಲದ ಮೊನಾಕ್ಸೈಡ್ ಹುಟ್ಟುತ್ತದೆ. ಅದು ಉರಿಯುವ ಅನಿಲ. ಅದನ್ನು ಪೈಪಿನಲ್ಲಿ ತಂದು, ಬೂದಿ ಸೋಸಿ, ತಣ್ಣಗೆ ಮಾಡಿ, ಗಾಳಿ ಸೇರಿಸಿ ಇಂಜಿನಿಗೆ ಬಿಟ್ಟರೆ ಪೆಟ್ರೋಲಿನ ಹಾಗೆಯೇ ಉರಿದು ಪಿಸ್ಟನ್ ತಳ್ಳುತ್ತದೆ. ಆದರೆ ಗಾಳಿಯಲ್ಲಿ ಹೆಚ್ಚಿನ ಪಾಲು ಸಾರಜನಕ ಅಲ್ಲವಾ? ಅದು ಉರಿಯುವುದಿಲ್ಲ, ಸುಮ್ಮನೆ ಜಾಗ ತಿನ್ನುತ್ತದೆ. ಹಾಗಾಗಿ ಇಂಜಿನಿಗೆ ಶಕ್ತಿ ಕಡಿಮೆ. ಸಮ ದಾರಿಯಲ್ಲಿ ಹೇಗೋ ಹೋಗುತ್ತದೆ. ಏರು ಬಂದರೆ? "ಎಲ್ಲರೂ ಇಳೀರಿ, ದೂಡಿ!" ಟಿಕೇಟು ಕೊಟ್ಟವರೇ ದೂಡುವುದು. ಪುತ್ತೂರಿನಿಂದ ಸುಳ್ಯಕ್ಕೆ ಬರುವಾಗ ಏರು ಎಷ್ಟುಂಟು ಅಂತ ನೀವೇ ಲೆಕ್ಕ ಹಾಕಿ.

ಇಂಗಾಲದ ಮೊನಾಕ್ಸೈಡ್ ವಿಷ, ವಾಸನೆಯೂ ಇಲ್ಲ. ಮನೆಯಲ್ಲಿ ಬಾಗಿಲು ಹಾಕಿ ಕೆಂಡದ ಒಲೆ ಇಟ್ಟು ಮಲಗಬಾರದು ಅಂತ ಹೇಳುವುದು ಅದಕ್ಕೇ. ಇದು ಟೀಚರ್ ಬರೆಯಲಿಕ್ಕೆ ಹೇಳಿದ್ದು.

ಪರ್ಮಿಟ್ಟು ಮತ್ತು ಕೆಂಪು ಬಸ್ಸು

1939ರಲ್ಲಿ ಮೋಟಾರು ವಾಹನ ಕಾಯಿದೆ ಬಂತು. ಯಾವ ಬಸ್ಸು ಯಾವ ದಾರಿಯಲ್ಲಿ ಎಷ್ಟು ಗಂಟೆಗೆ ಹೋಗಬೇಕು ಅಂತ ಸರಕಾರ ಪರ್ಮಿಟ್ಟು ಕೊಡುವ ಕ್ರಮ ಗಟ್ಟಿಯಾದದ್ದು ಅದರಿಂದ. ಕಂಡಕ್ಟರ್ ಮಾವ ಹೇಳುವ ಪ್ರಕಾರ ಒಂದು ದಾರಿಯ ಬೆಲೆ ಗೊತ್ತಾಗುವುದು ಬಸ್ಸಿನ ಬಣ್ಣದಲ್ಲಲ್ಲ, ಟೈಮಿನಲ್ಲಿ. ಕಾಲೇಜು, ಕಚೇರಿ, ಸಂತೆಯ ಟೈಮಿಗೆ ಐದು ನಿಮಿಷ ಎದುರು ಇರುವ ಪರ್ಮಿಟ್ಟು ಚಿನ್ನ, ಐದು ನಿಮಿಷ ಹಿಂದೆ ಇರುವುದು ಹೊಟ್ಟು.

ಘಟ್ಟದ ಮೇಲೆ ಮೈಸೂರು ರಾಜ್ಯದಲ್ಲಿ 1948ರ ಸೆಪ್ಟೆಂಬರ್ 12ರಂದು ಸರಕಾರವೇ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಸುರು ಮಾಡಿತು. ನಾವು ಆಗ ಇನ್ನೂ ಮದ್ರಾಸಿನವರು. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. 1961ರ ಆಗಸ್ಟ್ 1ರಿಂದ ಆ ಇಲಾಖೆಯೇ ರಸ್ತೆ ಸಾರಿಗೆ ನಿಗಮವಾಯಿತು. ಇದರ ಮೊದಲು ನಮ್ಮವರಿಗೆ ದೊಡ್ಡ ಕಚೇರಿ ಅಂದರೆ ಮದ್ರಾಸು, ಆಮೇಲೆ ಬೆಂಗಳೂರು. ರಾಜಧಾನಿ ಬದಲಾದಾಗ ಬಸ್ಸಿನ ಬೋರ್ಡೂ ಬದಲಾಗಬೇಕಲ್ಲ! ಘಟ್ಟ ಹತ್ತುವ ಬಸ್ಸಿಗೆ ಬೆಲೆ ಬಂದದ್ದು ಆಗ.

ಈಗ ಮಂಗಳೂರು ಉಡುಪಿ ಕಡೆ ಖಾಸಗಿ ಬಸ್ಸುಗಳ ರಾಜ್ಯಭಾರ, ಪುತ್ತೂರು ಸುಳ್ಯ ಕಡೆ ಹೆಚ್ಚಾಗಿ ಸರಕಾರಿ ಕೆಂಪು ಬಸ್ಸು. ನಿಗಮಕ್ಕೆ ಪುತ್ತೂರಿನಲ್ಲೇ ಒಂದು ವಿಭಾಗ ಕಚೇರಿ ಉಂಟು. ಪುತ್ತೂರು, ಸುಳ್ಯ, ಬಿ.ಸಿ. ರೋಡು, ಧರ್ಮಸ್ಥಳ, ಮಡಿಕೇರಿ ಡಿಪೋಗಳು ಅದಕ್ಕೆ ಸೇರಿದವು.

ಕಂಡಕ್ಟರ್ ಮಾವನ ಹತ್ತಿರ ನಾನು ಕೇಳಿದ ಮುಖ್ಯ ಪ್ರಶ್ನೆ: ಕೆಲವು ಬಸ್ಸು ರಾತ್ರಿ ಹಳ್ಳಿಯಲ್ಲೇ ಯಾಕೆ ನಿಲ್ಲುತ್ತದೆ? ಹಾಲ್ಟ್ ಬಸ್ಸು ಅಂತ ಹೇಳುತ್ತೇವಲ್ಲ, ಅದು. ಅವರು ಹೇಳಿದ್ದು ಹೀಗೆ. ಬೆಳಿಗ್ಗೆ ಹಳ್ಳಿಯಿಂದ ಪೇಟೆಗೆ ಜನ ಹೋಗುವುದು ಆರೂವರೆ, ಏಳು ಗಂಟೆಗೆ. ಬಸ್ಸು ಪೇಟೆಯ ಡಿಪೋದಿಂದ ಬರಬೇಕಾದರೆ ಐದು ಗಂಟೆಗೆ ಖಾಲಿ ಹೊರಡಬೇಕು. ಖಾಲಿ ಓಡಿದರೆ ಡೀಸೆಲ್ ಸುಟ್ಟದ್ದೇ ಲಾಭ. ಅದರ ಬದಲು ಹಿಂದಿನ ರಾತ್ರಿಯ ಕೊನೆಯ ಟ್ರಿಪ್ಪಿನಲ್ಲಿ ಜನ ತುಂಬಿಕೊಂಡು ಬಂದು ಅಲ್ಲೇ ಮಲಗಿದರೆ ಎರಡು ಕಡೆಯೂ ಟಿಕೇಟು ಆಗುತ್ತದೆ. ಡ್ರೈವರು, ಕಂಡಕ್ಟರು ಮಲಗುವುದು ಬಸ್ಸಿನ ಸೀಟಿನಲ್ಲಿ, ಇಲ್ಲವೇ ಶಾಲೆಯ ಜಗಲಿಯಲ್ಲಿ. "ನಿಮ್ಮ ಶಾಲೆಯ ಜಗಲಿಯಲ್ಲಿ ನಾನು ಎಷ್ಟು ರಾತ್ರಿ ಸೊಳ್ಳೆ ಹೊಡೆದದ್ದುಂಟು ಗೊತ್ತುಂಟಾ?" ಅಂತ ಕೇಳಿದರು. ಊರಿನವರು ಯಾರಾದರೂ ಗಂಜಿ, ಉಪ್ಪಿನಕಾಯಿ ಕೊಡುತ್ತಿದ್ದರಂತೆ. ಹಾಗೆ ಕೊಟ್ಟವರ ಮನೆಯ ಮಕ್ಕಳಿಗೆ ಬೆಳಿಗ್ಗೆ ಬಸ್ಸು ಅರ್ಧ ನಿಮಿಷ ಹೆಚ್ಚು ಕಾಯುತ್ತಿತ್ತು ಅಂತಲೂ ಒಪ್ಪಿಕೊಂಡರು!

ಬಸ್ಸು ನಡೆಯುವುದು ಒಂದು ಲೆಕ್ಕದ ಮೇಲೆ. ಒಂದು ಕಿಲೋಮೀಟರಿಗೆ ಎಷ್ಟು ದುಡ್ಡು ಬಿತ್ತು? ಅದು ಖರ್ಚಿಗಿಂತ ತೀರಾ ಕೆಳಗೆ ಹೋದರೆ ಆ ಟ್ರಿಪ್ಪಿನ ಮೇಲೆ ಕಣ್ಣು ಬೀಳುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ, ಹುಡುಗಿಯರಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿಗೆ ದುಡ್ಡಿಲ್ಲ. ಆದರೆ ಶೂನ್ಯ ಟಿಕೇಟು ಅಂತ ಒಂದು ಚೀಟಿ ಕೊಡುತ್ತಾರೆ. ನಾವು "ದುಡ್ಡಿಲ್ಲದ ಚೀಟಿ ಯಾಕೆ" ಅಂತ ತೆಗೆದುಕೊಳ್ಳದೆ ಕೂರುತ್ತೇವಲ್ಲ, ಅದು ತಪ್ಪು. ಆ ಚೀಟಿಯ ಲೆಕ್ಕದಲ್ಲೇ ಸರಕಾರ ನಿಗಮಕ್ಕೆ ಹಣ ಕೊಡುವುದು. ಚೀಟಿ ಹರಿಯದಿದ್ದರೆ ಲೆಕ್ಕದಲ್ಲಿ ನಮ್ಮ ಸೀಟು ಖಾಲಿ. ನಮ್ಮ ಊರಿನ ಟ್ರಿಪ್ಪು ಖಾಲಿ ಓಡಿದೆ ಅಂತಲೇ ಬರೆದು ಹೋಗುತ್ತದೆ. ಇದು ನನಗೆ ಈ ಲೇಖನ ಬರೆಯುವವರೆಗೆ ಗೊತ್ತಿರಲಿಲ್ಲ.

ಹೊಳೆಯಾಚೆಯ ಅತ್ತೆ

ಬಸ್ಸು ಬಂತು ಅಂದರೆ ಎಲ್ಲ ಊರಿಗೂ ಬಂತು ಅಂತ ಅಲ್ಲ. ದೊಡ್ಡ ರಸ್ತೆಗೆ ಬಂತು, ಅಷ್ಟೇ. ಒಳಗಿನ ಊರುಗಳಿಗೆ ಹೊಳೆ, ತೋಡು ಅಡ್ಡ.

ಕಡಬದವರಿಗೆ ಹೊಸಮಠದ ಹಳೇ ಸೇತುವೆ ಗೊತ್ತಿರಬಹುದು. ಉಪ್ಪಿನಂಗಡಿ ಕಡಬ ಸುಬ್ರಹ್ಮಣ್ಯ ರಸ್ತೆಯಲ್ಲಿ ಗುಂಡ್ಯ ಹೊಳೆಗೆ ಇದ್ದದ್ದು ಮುಳುಗು ಸೇತುವೆ. ಅಂದರೆ ತಗ್ಗಿಗೆ ಕಟ್ಟಿದ್ದು. ಮಳೆಗಾಲದಲ್ಲಿ ನೀರು ಮೇಲೆ ಹರಿಯಲಿ ಅಂತಲೇ ಹಾಗೆ ಕಟ್ಟುವುದು, ಖರ್ಚು ಕಡಿಮೆ. ಆದರೆ ಘಟ್ಟದಲ್ಲಿ ಒಂದು ಗಟ್ಟಿ ಮಳೆ ಬಿದ್ದರೆ ಇಲ್ಲಿ ಸೇತುವೆ ಕಾಣುವುದಿಲ್ಲ. ಬಸ್ಸು ಆಚೆ, ಜನ ಈಚೆ. ನೀರು ಇಳಿಯುವವರೆಗೆ ಎರಡೂ ಕಡೆ ಸಾಲು ನಿಲ್ಲುವುದು. ಈಗ ಎತ್ತರದ ಹೊಸ ಸೇತುವೆ ಆಗಿ ಆ ಕಷ್ಟ ಹೋಗಿದೆ. ಕುಮಾರಧಾರಾ ಹೊಳೆಗೆ ಶಾಂತಿಮೊಗರಿನಲ್ಲಿ 2018ರಲ್ಲಿ ಸೇತುವೆ ಆಯಿತು. ಅದಕ್ಕಿಂತ ಮೊದಲು ಅಲ್ಲಿ ದೋಣಿಯೇ ಗತಿ.

ನನ್ನ ಅತ್ತೆ ಓದಿದ್ದು ಏಳನೆಯವರೆಗೆ. ಅವರು ಮಾರ್ಕಿನಲ್ಲಿ ಶಾಲೆಗೇ ಎರಡನೆಯವರಾಗಿದ್ದರಂತೆ. ಎಂಟನೇ ತರಗತಿ ಇದ್ದದ್ದು ಹೊಳೆಯಾಚೆ. ಹೊಳೆಗೆ ಅಡಿಕೆ ಮರದ ಸಂಕ. ಜೂನ್ ತಿಂಗಳಲ್ಲಿ ಹಾಕಿದ ಸಂಕ ಜುಲೈಯಲ್ಲಿ ಹೋಯಿತು. ಸಂಕ ದಾಟಿದರೂ ಬಸ್ಸು ಸಿಗುವ ಜಾಗಕ್ಕೆ ಒಂದು ಗಂಟೆ ನಡೆಯಬೇಕು. "ಗಂಡು ಮಕ್ಕಳಾದರೆ ಈಜಿಯಾದರೂ ಹೋಗ್ತಾರೆ, ನೀನು ಬೇಡ" ಅಂತ ಮನೆಯಲ್ಲಿ ಹೇಳಿದರು. ನಾನು ಇದನ್ನು ಬರೆಯಲಾ ಅಂತ ಅತ್ತೆಯ ಹತ್ತಿರ ಕೇಳಿದೆ. "ಬರಿ, ಅದರಲ್ಲೆಂತ ನಾಚಿಕೆ? ಆಗ ಆ ಸಂಕದ ಜಾಗದಲ್ಲಿ ಸೇತುವೆ ಇದ್ದಿದ್ದರೆ ನಾನೂ ನಿನ್ನ ಟೀಚರ ಹಾಗೆ ಸೀರೆಗೆ ಪಿನ್ನು ಹಾಕಿ ಬಸ್ಸಿಗೆ ಕಾಯುತ್ತಿದ್ದೆ" ಅಂದರು. ನಗುತ್ತಲೇ ಹೇಳಿದರು. ಆದರೆ ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಅಡಿಕೆ ಸುಲಿಯುತ್ತಾ ಕೂತರು.

ಬಸ್ಸು ಬಾರದ ಊರುಗಳನ್ನು ಕಾದದ್ದು ಸರ್ವಿಸ್ ಜೀಪು. ಇದನ್ನು ಯಾವ ಪುಸ್ತಕದಲ್ಲೂ ಬರೆದದ್ದು ನಾನು ಕಾಣೆ, ಹಾಗಾಗಿ ಇಲ್ಲಿ ಬರೆದಿಡುತ್ತೇನೆ. ಕೆಸರು, ಕಲ್ಲು, ಏರು ಯಾವುದಕ್ಕೂ ಹೆದರದೆ ಹೋಗುವುದು ಜೀಪು ಮಾತ್ರ. ಒಳಗೆ ಎಷ್ಟು ಜನ ಅಂತ ಲೆಕ್ಕ ಇಲ್ಲ. ಡ್ರೈವರಿನ ಬಲಗಡೆಯೂ ಒಬ್ಬ, ಹಿಂದೆ ನೇತಾಡುವವರು ಆರೇಳು. ಹೆರಿಗೆಗೆ, ಹಾವು ಕಚ್ಚಿದವರಿಗೆ, ಮದುವೆ ದಿಬ್ಬಣಕ್ಕೆ, ಪರೀಕ್ಷೆಗೆ ಎಲ್ಲದಕ್ಕೂ ಅದೇ. ಕಾನೂನಿನ ಪ್ರಕಾರ ಅದು ಸರಿಯಲ್ಲ ಅಂತ ಗೊತ್ತುಂಟು. ಆದರೆ ಕಾನೂನಿನ ಬಸ್ಸು ಬಾರದ ದಾರಿಯಲ್ಲಿ ಮತ್ತೆ ಹೋಗುವುದು ಹೇಗೆ?

ರೈಲು ಬಂತು, ಹೋಯಿತು, ಮತ್ತೆ ಬಂತು

ಈಗ ಮೊಮ್ಮಗನ ಕತೆ. ಸ್ವಾತಂತ್ರ್ಯ ಬಂದ ಮೇಲೆ ಮಂಗಳೂರಿನ ಪಣಂಬೂರಿನಲ್ಲಿ ದೊಡ್ಡ ಬಂದರು ಕಟ್ಟಿದರು. ಅದು 1975ರಲ್ಲಿ ಉದ್ಘಾಟನೆಯಾಯಿತು. ಬಂದರಿಗೆ ಘಟ್ಟದ ಮೇಲಿನಿಂದ ಸಾಮಾನು ಇಳಿಯಬೇಕಾದರೆ ರೈಲು ಬೇಕು. ಹಾಗಾಗಿ ಹಾಸನ ಮಂಗಳೂರು ರೈಲು ಮಾರ್ಗದ ಕೆಲಸ 1960ರ ದಶಕದಲ್ಲಿ ಸುರುವಾಗಿ 1979ರಲ್ಲಿ ಪೂರ್ತಿಯಾಯಿತು. ಉದ್ದ 189 ಕಿ.ಮೀ.

ಇದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ 55 ಕಿ.ಮೀ. ಘಟ್ಟ. ಅಷ್ಟರಲ್ಲೇ 57 ಸುರಂಗ, 109 ಸೇತುವೆ. ಎಡಕುಮೇರಿ, ಸಿರಿಬಾಗಿಲು ಎನ್ನುವ ನಿಲ್ದಾಣಗಳಿಗೆ ಕಾಡು ಬಿಟ್ಟರೆ ನೆರೆಮನೆ ಇಲ್ಲ. ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. "ಇದೆಂತ ಏರು, ನಮ್ಮ ಶಾಲೆಯ ಗುಡ್ಡೆಯೇ ಇದಕ್ಕಿಂತ ಹೆಚ್ಚು" ಅಂತ ನೀವು ಹೇಳಬಹುದು. ಆದರೆ ರೈಲಿನದ್ದು ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ. ಹಿಡಿತ ಕಡಿಮೆ, ಅದರಿಂದಲೇ ಸಮ ದಾರಿಯಲ್ಲಿ ಕಡಿಮೆ ಶಕ್ತಿಯಲ್ಲಿ ಎಷ್ಟು ಭಾರವನ್ನೂ ಎಳೆಯುತ್ತದೆ. ಅದೇ ಗುಣ ಏರಿನಲ್ಲಿ ಶತ್ರು. ಹತ್ತುವಾಗ ಜಾರುತ್ತದೆ, ಇಳಿಯುವಾಗ ನಿಲ್ಲುವುದಿಲ್ಲ. ಹಾಗಾಗಿ ಘಟ್ಟದಲ್ಲಿ ಹಿಂದಿನಿಂದ ದೂಡುವ ಇಂಜಿನ್ ಬೇರೆ ಕಟ್ಟುತ್ತಾರೆ, ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ಬಿಡುತ್ತಾರೆ. ಇದ್ದಲು ಬಸ್ಸನ್ನು ಜನ ದೂಡಿದರು, ರೈಲನ್ನು ಇಂಜಿನ್ ದೂಡುತ್ತದೆ. ವ್ಯತ್ಯಾಸ ಅಷ್ಟೇ!

ನಿಲ್ದಾಣದ ಹೆಸರಿನಲ್ಲಿ ಒಂದು ತಮಾಷೆ ಉಂಟು. ಪುತ್ತೂರಿನ ನಿಲ್ದಾಣದ ಬೋರ್ಡಿನಲ್ಲಿ "ಕಬಕ ಪುತ್ತೂರು" ಅಂತ ಬರೆದಿದೆ. ಕಬಕ ಪಕ್ಕದ ಊರು. ಆಂಧ್ರದಲ್ಲಿ ರೇಣಿಗುಂಟದ ಹತ್ತಿರ ಇನ್ನೊಂದು ಪುತ್ತೂರು ನಿಲ್ದಾಣ ಮೊದಲೇ ಇತ್ತು. ಎರಡಕ್ಕೂ ಒಂದೇ ಹೆಸರಾದರೆ ಟಿಕೇಟು ಕೊಡುವುದು ಹೇಗೆ? ಹಾಗೆಯೇ ಸುಬ್ರಹ್ಮಣ್ಯ ರೋಡ್ ಅಂದರೆ ಸುಬ್ರಹ್ಮಣ್ಯ ಅಲ್ಲ, ನೆಟ್ಟಣ. ದೇವಸ್ಥಾನಕ್ಕೆ ಅಲ್ಲಿಂದ ಮತ್ತೆ ಬಸ್ಸೋ ಜೀಪೋ ಹಿಡಿಯಬೇಕು. ಹೊಸಬರು ರಾತ್ರಿ ಇಳಿದು "ದೇವಸ್ಥಾನ ಎಲ್ಲಿ" ಅಂತ ಸುತ್ತ ನೋಡುವುದನ್ನು ನಾನೇ ಕಂಡಿದ್ದೇನೆ. ಕಡಬದವರಿಗೆ ಹತ್ತಿರದ ನಿಲ್ದಾಣ ಕೋಡಿಂಬಾಳ. ಎಡಮಂಗಲ, ಕಾಣಿಯೂರು, ನರಿಮೊಗರು ಇವು ಪುತ್ತೂರಿನ ದಾರಿಯಲ್ಲಿ.

ಆಗ ಹಾಕಿದ್ದು ಮೀಟರ್ ಗೇಜ್ ಹಳಿ, ಎರಡು ಕಂಬಿಗಳ ನಡುವೆ ಒಂದು ಮೀಟರ್. ಕೇರಳದಿಂದ ಮಂಗಳೂರಿಗೆ ಬಂದದ್ದು ಬ್ರಾಡ್ ಗೇಜ್, 1676 ಮಿಲಿಮೀಟರ್. ಒಂದರ ಬೋಗಿ ಇನ್ನೊಂದರಲ್ಲಿ ಹೋಗುವುದಿಲ್ಲ. ಹಾಗಾಗಿ ನಮ್ಮ ಹಳಿಯನ್ನೂ ಅಗಲ ಮಾಡಬೇಕು ಅಂತ 1996ರಲ್ಲಿ ಘಟ್ಟದ ರೈಲು ನಿಲ್ಲಿಸಿದರು. ಬೇಗ ಆಗುತ್ತದೆ ಅಂತ ಎಲ್ಲರೂ ತಿಳಿದಿದ್ದರು. 2003ರಲ್ಲಿ ಇದಕ್ಕಾಗಿಯೇ ಒಂದು ಬೇರೆ ಕಂಪೆನಿ ಮಾಡಿ, 2006ರ ಮೇಯಲ್ಲಿ ಗೂಡ್ಸ್ ಬಿಟ್ಟು, ಜನ ಹೋಗುವ ಬೆಂಗಳೂರು ರೈಲು ಪುನಃ ಓಡಿದ್ದು 2007ರ ಡಿಸೆಂಬರ್ 8ಕ್ಕೆ. ಹನ್ನೊಂದು ವರ್ಷ! 1996ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಬೆಂಗಳೂರಿನ ರೈಲು ಕಾಣದೆಯೇ ಎಸ್ಸೆಸ್ಸೆಲ್ಸಿ ಮುಗಿಸಿತು. ನನ್ನ ಚಿಕ್ಕಪ್ಪ ಅಂಥವರಲ್ಲಿ ಒಬ್ಬರು. ಅವರು ಬೆಂಗಳೂರಿಗೆ ಕೆಲಸಕ್ಕೆ ಹೋದದ್ದು ರಾತ್ರಿ ಬಸ್ಸಿನಲ್ಲಿ, ಶಿರಾಡಿ ಘಾಟಿಯ ಹೊಂಡದಲ್ಲಿ ಕುಲುಕಿಕೊಂಡು.

ರೈಲು ಬಂದರೂ ಘಟ್ಟ ಘಟ್ಟವೇ. 2018ರ ಆಗಸ್ಟಿನ ಮಳೆಗೆ ಜೋಡುಪಾಲದ ಹತ್ತಿರ ಗುಡ್ಡೆ ಜರಿದು ಸಂಪಾಜೆ ಮಡಿಕೇರಿ ರಸ್ತೆ ಹೋಯಿತು, ಶಿರಾಡಿಯಲ್ಲೂ ಜರಿಯಿತು, ರೈಲು ಹಳಿಯ ಮೇಲೂ ಮಣ್ಣು ಬಂತು. ಅಜ್ಜನ ಮನೆಯಿಂದ ಮಡಿಕೇರಿಗೆ ಕೊಟ್ಟ ದೊಡ್ಡಮ್ಮನನ್ನು ನೋಡಲಿಕ್ಕೆ ಹೋಗುವ ದಾರಿಯೇ ಇಲ್ಲ. ಫೋನಿನಲ್ಲಿ ಅಳುವುದು ಕೇಳಿ ಅಜ್ಜಿ ಎರಡು ದಿವಸ ಸರಿಯಾಗಿ ಊಟ ಮಾಡಲಿಲ್ಲ. 2024ರ ಜುಲೈ 26ಕ್ಕೆ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಪುನಃ ಹಳಿಯ ಅಡಿಯ ಮಣ್ಣು ಜರಿದು ಹಲವು ದಿವಸ ರೈಲು ಇರಲಿಲ್ಲ. ಬೇಸಗೆಯಲ್ಲಿ ಕಿಟಿಕಿಯಿಂದ ನೋಡಿದರೆ ಸ್ವರ್ಗದ ಹಾಗೆ ಕಾಣುವ ಜಾಗ ಅದು.

ಮಂಗಳೂರಿನಿಂದ ಕಬಕ ಪುತ್ತೂರಿನವರೆಗೆ ಬರುತ್ತಿದ್ದ ಪ್ಯಾಸೆಂಜರ್ ರೈಲನ್ನು 2025ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ರೋಡಿನವರೆಗೆ ಮುಂದುವರಿಸಿದರು. ಕೋಡಿಂಬಾಳ, ಎಡಮಂಗಲದ ಕಾಲೇಜು ಮಕ್ಕಳಿಗೆ ಇದು ದೊಡ್ಡ ಉಪಕಾರ. ಆದರೆ ನಿಲ್ದಾಣದಿಂದ ಮನೆಗೆ? ರಿಕ್ಷಾಕ್ಕೆ ಕೊಡುವ ದುಡ್ಡು ರೈಲಿನ ಟಿಕೇಟಿಗಿಂತ ಹೆಚ್ಚು! ರೈಲು ಬರುವ ಹೊತ್ತಿಗೆ ನಿಲ್ದಾಣದ ಎದುರು ಒಂದು ಬಸ್ಸು ಇದ್ದರೆ ಎರಡಕ್ಕೂ ಜನ ಆಗುತ್ತಿತ್ತು ಅಂತ ನನ್ನ ಅಭಿಪ್ರಾಯ.

ಸುಳ್ಯಕ್ಕೆ ರೈಲು ಇಲ್ಲ. ಕೇರಳದ ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯ ಮೂಲಕ ಕಾಣಿಯೂರಿಗೆ ಸುಮಾರು 91 ಕಿ.ಮೀ. ಹಳಿ ಹಾಕುವ ಯೋಜನೆ ಉಂಟು, ಸರ್ವೆಯೂ ಆಗಿದೆ. ಅಜ್ಜ ಹೇಳುವುದು, "ಸರ್ವೆಯವರು ನೆಟ್ಟ ಗೂಟಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿಸಿದರೆ ಇಷ್ಟರಲ್ಲಿ ಎರಡು ಬೆಳೆ ಬರುತ್ತಿತ್ತು."

ಕೊನೆಗೆ ನಮ್ಮ ಬಸ್ಸು

ಎಲ್ಲ ಬರೆದು ನಮ್ಮದನ್ನು ಬಿಟ್ಟರೆ ಹೇಗೆ? ನಮ್ಮ ಶಾಲೆ ಬಿಡುವುದು 4.30ಕ್ಕೆ. ನಮ್ಮ ಒಳದಾರಿಗೆ ಹೋಗುವ ಕೊನೆಯ ಬಸ್ಸು ಪೇಟೆ ಬಿಡುವುದು 4.40ಕ್ಕೆ. ಹತ್ತನೆಯವರಿಗೆ ವಿಶೇಷ ತರಗತಿ 5.30ರವರೆಗೆ. ಹಾಗಾಗಿ ಬಸ್ಸಿನವರಾದ ನಾವು ಹದಿನಾಲ್ಕು ಮಂದಿ ಗಣಿತದ ವಿಶೇಷ ತರಗತಿಗೆ ಇಲ್ಲ. ಪೇಟೆಯವರು ಕೂತು ಕಲಿಯುತ್ತಾರೆ, ನಾವು ಮರುದಿವಸ ಅವರ ನೋಟ್ಸ್ ನೋಡಿ ಬರೆದುಕೊಳ್ಳುತ್ತೇವೆ. ನಮ್ಮಲ್ಲಿ ಇಬ್ಬರು ಹುಡುಗಿಯರ ಮನೆಯಲ್ಲಿ "ಕತ್ತಲಾದ ಮೇಲೆ ನಡೆದು ಬರುವುದಾದರೆ ಶಾಲೆಯೇ ಬೇಡ" ಅಂತ ಹೇಳಿದ್ದಾರೆ. ನನಗೆ ಅತ್ತೆಯ ನೆನಪಾಯಿತು.

ಮುಖ್ಯೋಪಾಧ್ಯಾಯರು ಟೈಮು ಒಂದು ಗಂಟೆ ಹಿಂದೆ ಹಾಕಬೇಕು ಅಂತ ಮನವಿ ಬರೆದಿದ್ದಾರೆ. ಹಾಲಿನ ಡೈರಿಯವರು, ಬೀಡಿ ಬ್ರಾಂಚಿನ ಅಕ್ಕಂದಿರು ಸಹಿ ಹಾಕಿದ್ದಾರೆ. ಅವರಿಗೂ 4.40 ಬೇಗವಾಗುತ್ತದಂತೆ. ಕಂಡಕ್ಟರ್ ಮಾವ ಒಂದು ಉಪಾಯ ಹೇಳಿಕೊಟ್ಟರು. ಬರೀ "ಕಷ್ಟ ಆಗುತ್ತದೆ" ಅಂತ ಬರೆದರೆ ಸಾಲದು, 5.40ಕ್ಕೆ ಬಸ್ಸು ಇಟ್ಟರೆ ದಿನಕ್ಕೆ ಎಷ್ಟು ಜನ, ಯಾವ ಸ್ಟಾಪಿನಲ್ಲಿ, ಅಂತ ಪಟ್ಟಿ ಮಾಡಿ ಕೊಡಬೇಕು. ಆ ಪಟ್ಟಿಯ ಹಾಳೆ ಈ ಭಿತ್ತಿಪತ್ರಿಕೆಯ ಕೆಳಗೆ ನೂಲಿಗೆ ಕಟ್ಟಿ ಇಟ್ಟಿದ್ದೇನೆ, ಪೆನ್ನೂ ಉಂಟು. ಹೆಸರು ಮತ್ತು ಇಳಿಯುವ ಸ್ಟಾಪು ಬರೆಯಿರಿ. ಶುಕ್ರವಾರ ಮಧ್ಯಾಹ್ನ ಅದನ್ನು ತೆಗೆದು ಮುಖ್ಯೋಪಾಧ್ಯಾಯರಿಗೆ ಕೊಡುವುದು. ಪೆನ್ನು ಕೊಂಡುಹೋಗಬೇಡಿ, ಅದು ಅತ್ತೆಯದ್ದು.

– 10ನೇ ತರಗತಿಯ ವಿದ್ಯಾರ್ಥಿನಿ